ನೀರಿಗೆ ಮುಂಚಿನ ಕೂಗು

ಅಮ್ಮನ ಕಪ್ಪು ಕನ್ನಡಕದ ಎಡಗಡೆಯ ಕಡ್ಡಿ ಮತ್ತೆ ಕಿವಿ ಬಿಟ್ಟು ಮೇಲೆದ್ದಿದೆ, ನಾನೇ ಬಿಸಿಗಾಳಿ ಹಿಡಿದು ಬಗ್ಗಿಸಿ ಕೂರಿಸಿದ್ದು, ಊರವರ ಕಿವಿಗೆಲ್ಲ ಕನ್ನಡಕ ಕೂರಿಸಿ ಹೊಟ್ಟೆ ಹೊರೆದುಕೊಂಡವಳಿಗೆ ಹೆತ್ತಮ್ಮನ ಕಿವಿಯೊಂದು ಮಾತು ಕೇಳುತ್ತಿಲ್ಲ, ದೊಡ್ಡ ಕಿವಿ, ಅದರ ಹಿಂದೆ ಅಂಗೈ ಇಟ್ಟೂ ಇಟ್ಟೂ ಅಗಲವಾಗಿದೆ ಎಂದು ಚೋಟ ಆಡಿಕೊಳ್ಳುತ್ತಿದ್ದ — ಆಡಿಕೊಳ್ಳುತ್ತಿದ್ದ, ಇನ್ನು ಮೇಲೆ ಅವನ ಸುದ್ದಿಯೆಲ್ಲ ಹೀಗೇ, ಹಿಂದಿನದೇ — ಜಲ್ಲಿ ಹಾಸಿದ ದಾರಿಯಲ್ಲಿ ಅಮ್ಮನ ಕೋಲು ಹೂತುಕೊಂಡು ಏಳುತ್ತದೆ, ಹೂತುಕೊಂಡು ಏಳುತ್ತದೆ, ಮುಂದೆ ಆ ದೊಡ್ಡ ಬಂಗಲೆ, ಅದರ ಹಿಂದೆ ತೋಟ, ಇವತ್ತು ಹೇಳಲೇಬೇಕು, ತೋಟದೊಳಗೆ ಹೋದ ಮೇಲೆ, ಅಮ್ಮನನ್ನು ಕೂರಿಸಿ, ಕೈ ಹಿಡಿದುಕೊಂಡು, ಅಮ್ಮ, ಚೋಟ ಹೋಗಿಬಿಟ್ಟ. ಅಷ್ಟೇ ಮಾತು. ನನ್ನ ಒಬ್ಬನೇ ತಮ್ಮ ತೀರಿಕೊಂಡು ತಿಂಗಳ ಮೇಲಾಯಿತು, ಅವನ ಹೆತ್ತ ತಾಯಿಗೆ ಗೊತ್ತಿಲ್ಲ, ನಾವು ಹೇಳಿಲ್ಲ, ಊರಿಗೆಲ್ಲ ಗೊತ್ತು, ನನ್ನ ಕನ್ನಡಕದಂಗಡಿ ಪಕ್ಕದ ಹೂವಿನವಳಿಗೆ ಗೊತ್ತು, ಅವನು ರಿಪೇರಿ ಮಾಡಿದ ಲಿಫ್ಟುಗಳಲ್ಲಿ ಮೇಲೆ ಕೆಳಗೆ ಓಡಾಡುವವರಿಗೆ ಗೊತ್ತು. ಏನೇ ಮುಖ ಹಾಗೆ ಮಾಡ್ಕೊಂಡಿದೀಯ, ಬಿಸಿಲಾ, ಎನ್ನುತ್ತಾಳೆ ಅಮ್ಮ. ಹೂಂ ಅಮ್ಮ, ಬಿಸಿಲು. ನನ್ನ ಕನ್ನಡಕ ಹಾಕ್ಕೋ ಬೇಕಾದ್ರೆ. ಬೇಡಮ್ಮ, ನಿನಗೆ ಬೇಕು ಅದು.

ನಿನಗೆ ಬೇಕು ಅದು, ಎಲ್ಲ ಶುರುವಾಗಿದ್ದೇ ಆ ಕಣ್ಣಿನಿಂದ, ಬಲಗಣ್ಣಿನ ಪೊರೆ ತೆಗೆದ ಮಾರನೇ ದಿನ ಬೆಳಿಗ್ಗೆ ಅಮ್ಮ ಪಟ್ಟಿ ಕಟ್ಟಿಕೊಂಡು ನಮ್ಮ ಮನೆಯ ಮಂಚದ ಮೇಲೆ ಅಂಗಾತ ಮಲಗಿದ್ದಾಳೆ, ನಾನು ಹನಿ ಔಷಧಿಯ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದೇನೆ, ಫೋನು, ತಮ್ಮನ ಹೆಂಡತಿ, ಅತ್ತಿಗೆ, ಅತ್ತಿಗೆ ಎಂದಷ್ಟೇ ಅಂದಳು, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ, ಕೆಲಸಕ್ಕೆ ಹೋದ ಕಟ್ಟಡದ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದನಂತೆ, ಎದೆ ಹಿಡಿದುಕೊಂಡನಂತೆ, ಲೋಟ ಮಾತ್ರ ಚೆಲ್ಲದೆ ಪಕ್ಕಕ್ಕೆ ಇಟ್ಟನಂತೆ, ಅಷ್ಟು ಅಚ್ಚುಕಟ್ಟು ಯಾವತ್ತು ಬಂತು ಅವನಿಗೆ. ಹಿಂದಿನ ದಿನವಷ್ಟೇ ಡಾಕ್ಟರು ಹೇಳಿದ್ದರು, ಬಗ್ಗಬಾರದು, ಭಾರ ಎತ್ತಬಾರದು, ಕಣ್ಣು ಉಜ್ಜಬಾರದು, ಮುಖ್ಯವಾಗಿ ಅಳಬಾರದು, ಒಂದಷ್ಟು ದಿನ ಸಂತೋಷವಾಗಿ ಇಟ್ಕೊಳ್ಳಿ ಇವರನ್ನ, ಎಂದು ನಕ್ಕಿದ್ದರು. ಬೇರೆ ಯಾರಾದರೂ ಆಗಿದ್ದರೆ ಆ ಮಾತು ಕಿವಿಗೆ ಹಾಕಿಕೊಳ್ಳುತ್ತಲೇ ಇರಲಿಲ್ಲ, ಸತ್ತವನು ಮಗ, ಹೇಳದೆ ಇರುತ್ತಾರಾ ಯಾರಾದರೂ, ಆದರೆ ನಾನು ಕಣ್ಣಿನ ಕಸುಬಿನವಳು, ಕೆಟ್ಟ ಕಣ್ಣುಗಳನ್ನು ದಿನಾ ಕಂಡವಳು, ನನಗೆ ಅಮ್ಮನ ಕಣ್ಣೇ ದೊಡ್ಡದಾಗಿ ಕಂಡಿತು, ಹೊಲಿಗೆ ಬಿಚ್ಚಿದ ಹಾಗೆ ಕಣ್ಣು ಬಿಚ್ಚಿಕೊಂಡರೆ, ಸೋಂಕಾದರೆ, ಕತ್ತಲಾದರೆ. ಬಾಗಿಲು ತೆಗೆದು ಬಂದು ಹನಿ ಹಾಕಿದೆ. ಯಾರೇ ಫೋನಲ್ಲಿ, ಎಂದಳು. ಅಂಗಡಿಯಿಂದ ಅಮ್ಮ, ಅಂದೆ. ಅವನನ್ನು ಕಡೆಯ ಸಲ ಕಳಿಸಿಕೊಡಲು ನಾನೂ ನಮ್ಮವರೂ ಹೋದಾಗ ಅಮ್ಮನ ಹತ್ತಿರ ಪಕ್ಕದ ಮನೆಯಾಕೆಯನ್ನು ಕೂರಿಸಿ, ಅಂಗಡಿಗೆ ಕಂಪನಿಯವರು ಬರ್ತಾರೆ ಎಂದು ಸುಳ್ಳು ಹೇಳಿ ಹೋದೆವು, ಅವನ ಹೆಂಡತಿ ಬಾಗಿಲ ಕಡೆಯೇ ನೋಡುತ್ತಿದ್ದಳು, ಅತ್ತೆ ಎಲ್ಲಿ, ಎಂದಳು.

ಒಳಗೆ ತಂಪು, ಮೇಣದ ವಾಸನೆ, ಕೆಂಪು ಹಗ್ಗ ಕಟ್ಟಿದ ಕಂಬಗಳು, ಹಗ್ಗದಾಚೆ ಊಟದ ಕೋಣೆ, ಮೇಜಿನ ಮೇಲೆ ಯಾರೂ ಉಣ್ಣದ ತಟ್ಟೆಗಳು ಸಾಲಾಗಿ, ಮೈಕು ಕೊರಳಿಗೆ ನೇತುಹಾಕಿಕೊಂಡ ಹುಡುಗಿ ಇದು ಇಂಥ ಕಾಲದ್ದು, ಅದು ಅಂಥ ಮರದ್ದು ಎನ್ನುತ್ತಾಳೆ, ಅಮ್ಮ ನನ್ನ ತೋಳು ತಿವಿಯುತ್ತಾಳೆ. ಇಷ್ಟು ವರ್ಷ ಈ ತೋಟದಲ್ಲಿ ಗೇಯ್ದಿದ್ದೀನಿ, ಮುಂಬಾಗಿಲಲ್ಲಿ ಒಂದಿನ ಕಾಲಿಟ್ಟಿಲ್ಲ ಕಣೇ, ನೋಡು, ಟಿಕೆಟ್ ತಗೊಂಡ್ರೆ ಯಜಮಾನರ ಮಂಚದ ಹತ್ರಾನೂ ಬಿಡ್ತಾರೆ. ಮೈಕಿನ ಹುಡುಗಿ ನಗುತ್ತಾಳೆ, ಅಜ್ಜಿ ನೀವು ಇಲ್ಲೇ ಇದ್ರಾ. ಇಲ್ಲೇ, ಹಿಂದೆ, ಲಾಯದ ಪಕ್ಕದ ಕೋಣೆ, ನಮ್ಮೆಜಮಾನ್ರು ನೀರು ಬಿಡೋರು, ನಾನು ಪಾಚಿ ಉಜ್ಜೋಳು, ನನ್ನ ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದ್ದು, ಇವಳು ಕನ್ನಡಕದೋಳು, ಅವನು ಲಿಫ್ಟಿನೋನು, ಎಷ್ಟು ಎತ್ತರ ಗೊತ್ತಾ, ಈ ಬಾಗಿಲಿಗೆ ತಲೆ ತಾಗುತ್ತೆ, ಚೋಟುದ್ದ ಹುಟ್ಟಿದ ಅಂತ ಚೋಟ ಅಂತಿದ್ವಿ, ಹೆಸರಿಗೆ ಸೇಡು ತೀರಿಸ್ಕೊಳ್ಳೋ ಹಾಗೆ ಬೆಳೆದುಬಿಟ್ಟ. ಹುಡುಗಿ ಮತ್ತೆ ನಗುತ್ತಾಳೆ, ಅವರೂ ಬರಬೇಕಿತ್ತು ಅಜ್ಜಿ, ಎನ್ನುತ್ತಾಳೆ, ಬರ್ತಾನೆ, ದೂರದ ಊರಲ್ಲಿ ಕೆಲಸ ಸಿಕ್ಕಿದೆ, ಫೋನೂ ಸಿಗಲ್ವಂತೆ ಅಲ್ಲಿ, ಬಂದ ಮೇಲೆ ಅವನನ್ನೂ ಕರ್ಕೊಂಡು ಬರ್ತೀನಿ, ಎಂದು ಅಮ್ಮ ನನ್ನ ಸುಳ್ಳನ್ನು ಒಂದು ಎಳೆಯೂ ತಪ್ಪದೆ ಹೇಳುತ್ತಾಳೆ, ನಾನು ಹಗ್ಗದ ಮೇಲೆ ಕೈಯಿಟ್ಟು ತಟ್ಟೆಗಳನ್ನು ನೋಡುತ್ತೇನೆ. ನಡುಮನೆಯಲ್ಲಿ ಆಳೆತ್ತರದ ಕನ್ನಡಿ, ಅದರ ಮುಂದೆ ಅಮ್ಮ ನಿಂತುಬಿಟ್ಟಳು, ಕಪ್ಪು ಕನ್ನಡಕ ಹಣೆಗೇರಿಸಿದಳು, ಅಯ್ಯೋ ಇಷ್ಟೊಂದು ಸುಕ್ಕು ಯಾವಾಗ ಬಂತೇ, ನೀನು ಹೇಳಲೇ ಇಲ್ಲ, ಎಂದಳು, ಆಮೇಲೆ ಕನ್ನಡಿಯೊಳಗಿನಿಂದಲೇ ನನ್ನನ್ನು ನೋಡಿದಳು, ನಿನ್ನ ಮುಖವೂ ಇಳಿದುಹೋಗಿದೆ, ಮಂಜುಗಣ್ಣಲ್ಲಿ ಚೆನ್ನಾಗೇ ಕಾಣ್ತಿದ್ದೆ. ಈಗ ಹೇಳಲಾ, ಇಲ್ಲೇ, ಕನ್ನಡಿಯಲ್ಲಿ ನೋಡುತ್ತಲೇ — ಹಿಂದಿನವರು ಮುಂದೆ ಸರಿಯಿರಿ ಎಂದರು, ಸರಿದೆವು.

ಈ ತೋಟ ನೋಡಬೇಕೆಂದು ಹಟ ಹಿಡಿದವಳು ಅವಳೇ. ನಿನ್ನೆ ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣು ಪೂರ್ತಿ ವಾಸಿ, ಹನಿ ನಿಲ್ಲಿಸಿ ಎಂದರು, ಎಲ್ಲರೂ ಕೇಳಿ ಖುಷಿಪಡುವ ಮಾತು, ನನಗೆ ಇನ್ನು ನೆಪವಿಲ್ಲ, ಹೊಸ ಕಣ್ಣಲ್ಲಿ ಮೊದಲು ಏನು ನೋಡ್ತೀರಮ್ಮ ಎಂದು ನಮ್ಮವರು ಕೇಳಿದರೆ, ನೀರಿನ ಮೆಟ್ಟಿಲು ನೋಡ್ಬೇಕಪ್ಪ, ಎಂದಳು, ಮಗನನ್ನು ನೋಡಬೇಕು ಎನ್ನುತ್ತಾಳೆಂದು ನಾನು ಹೆದರಿದ್ದೆ. ಅಲ್ಲೇ ಹೇಳಿಬಿಡು, ಅವರಿಗೆ ಇಷ್ಟವಾದ ಜಾಗ, ಎಂದರು ನಮ್ಮವರು ರಾತ್ರಿ. ನೀವೇ ಹೇಳಿ. ನಾನು ಅಳಿಯ ಕಣೇ, ನೀನು ಮಗಳು. ಬೆಳಿಗ್ಗೆ ಕಾರು ನಿಲ್ಲಿಸಿ ಬರುತ್ತೇನೆಂದು ಹೋದವರು ಗೇಟಿನ ಹತ್ತಿರದ ಚಹಾ ಅಂಗಡಿಯಲ್ಲೇ ಉಳಿದರು, ಅಲ್ಲಿಂದಲೇ ಕಳ್ಳನ ಹಾಗೆ ನಮ್ಮನ್ನು ನೋಡುತ್ತಿದ್ದರು, ಬೈಯಬೇಕೆನ್ನಿಸಿತು, ಬೈಯಲೂ ಶಕ್ತಿ ಬೇಕು.

ಹಿಂಬಾಗಿಲು ದಾಟಿದರೆ ತೋಟ, ಗುಡ್ಡದ ನೆತ್ತಿಯಿಂದ ಕೆಳಗಿನವರೆಗೆ ಅಗಲವಾದ ಕಲ್ಲುಮೆಟ್ಟಿಲು, ಮನುಷ್ಯರಿಗಲ್ಲ, ನೀರಿಗೆ ಕಟ್ಟಿದ್ದು, ಮೇಲಿನ ಕೆರೆಯಿಂದ ತೂಬು ಎತ್ತಿದರೆ ನೀರು ಮೆಟ್ಟಿಲಿಳಿದು, ಒಂದೊಂದು ತೊಟ್ಟಿ ತುಂಬಿ, ಮುಂದಿನದಕ್ಕೆ ಹಾರಿ, ಕಟ್ಟಕಡೆಯ ಕೊಳದಲ್ಲಿ ಕಾರಂಜಿಯಾಗಿ ಏಳುತ್ತದೆ, ಪಂಪಿಲ್ಲ, ಕರೆಂಟಿಲ್ಲ, ನೀರಿನ ಭಾರಕ್ಕೆ ನೀರೇ ಹಾರುವುದು, ಈಗ ಮೆಟ್ಟಿಲು ಒಣಗಿದೆ, ಪಾಚಿ ಕಪ್ಪಗೆ ಸಿಪ್ಪೆಯೆದ್ದಿದೆ, ನಾವಿದ್ದಿದ್ದರೆ ಹೀಗೆ ಬಿಡ್ತಿರ್ಲಿಲ್ಲ, ಎನ್ನುತ್ತಾಳೆ ಅಮ್ಮ. ಬಿಡುತ್ತಿರಲಿಲ್ಲ, ನಿಜ, ಸೀರೆ ಎತ್ತಿಕಟ್ಟಿ ತೊಟ್ಟಿಯೊಳಗೆ ಇಳಿದು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದಳು, ಒಳಗಿದ್ದವಳಿಗೆ ಮೇಲೆ ಏನಾಗುತ್ತಿದೆ ಕಾಣುವುದಿಲ್ಲ, ಅದಕ್ಕೇ ಆ ಕೂಗು. ಮೇಲೆ ಅಪ್ಪ ತೂಬಿನ ತಿರುಪಿಗೆ ಕೈ ಹಾಕುವ ಮುಂಚೆ ನೀರೂ ಎಂದು ಕೂಗಬೇಕು, ಅದನ್ನು ಕೇಳಿದ ಅಮ್ಮ ಮಧ್ಯದ ಕಟ್ಟೆಯ ಮೇಲೆ ಹತ್ತಿ ನಿಂತು ಕೆಳಗಿನವರಿಗೆ ನೀರೂ ಎಂದು ಕೂಗಬೇಕು, ಕೆಳಗೆ ಕೊಳದ ಜಾಲರಿಯಿಂದ ಎಲೆ ಬಾಚುತ್ತ ಕೂತ ಚೋಟ ಎದ್ದು ದಡ ಹತ್ತಿ ಓ ಎಂದು ಓಗೊಡಬೇಕು, ಆ ಓ ಅಮ್ಮನಿಂದ ಅಪ್ಪನಿಗೆ ಮುಟ್ಟಿದ ಮೇಲೇ ತೂಬು ಎತ್ತುವುದು, ಓ ಬಾರದಿದ್ದರೆ ಹಿಡೀ ಎಂದು ಮೇಲಕ್ಕೆ ಕೂಗಬೇಕು, ಹಿಡೀ ಎಂದರೆ ಅಪ್ಪ ತಿರುಪು ಬಿಟ್ಟು ನಿಲ್ಲುತ್ತಿದ್ದ, ಬಂಗಲೆಯ ಅತಿಥಿಗಳು ಕಾರಂಜಿಗೆ ಕಾದು ಕಾಲು ಬದಲಾಯಿಸುತ್ತಿದ್ದರೂ ಸರಿ, ಯಜಮಾನರೇ ಬಂದು ಸಿಡುಕಿದರೂ ಸರಿ. ನೀರು ಬರೋ ಮುಂಚೆ ಮಾತು ಬರ್ಬೇಕು ಯಜಮಾನ್ರೇ, ಕೆಳಗೆ ಜನ ಇದ್ದಾರೆ, ಎನ್ನುತ್ತಿದ್ದ ಅಪ್ಪ, ಅಷ್ಟೇ ಅವನ ಜಗಳ, ಅವನು ಹೋಗಿ ವರ್ಷಗಳಾದವು. ಚೋಟ ಇದ್ದನಲ್ಲ, ಪೋಕರಿ, ಕೂಗು ಕೇಳಿಸಿದರೂ ಬಾಯಿ ಬಿಡುತ್ತಿರಲಿಲ್ಲ, ಪೊದೆಯ ಹಿಂದೆ ಕೂತು ಕಾಯುತ್ತಿದ್ದ, ಅಮ್ಮ ಕಟ್ಟೆಯ ಮೇಲೆ ಅಂಗೈಯನ್ನು ಕಿವಿಯ ಹಿಂದೆ ಬಟ್ಟಲು ಮಾಡಿ ನಿಂತುಕೊಂಡು ಬಾಗಿ ಬಾಗಿ ಕೇಳುತ್ತಿದ್ದಳು, ಮುಖದ ಬಣ್ಣ ಇಳಿಯುತ್ತಿತ್ತು, ಇನ್ನೇನು ಹಿಡೀ ಎನ್ನಬೇಕು ಅನ್ನುವಷ್ಟರಲ್ಲಿ ಕೆಳಗಿನಿಂದ ರಾಗವಾಗಿ ಓ..., ಬಾ ನೀನು ಮೇಲಕ್ಕೆ, ಕಾಲು ಮುರೀತೀನಿ, ಎಂದು ಅಮ್ಮ ನಗುತ್ತಲೇ ಬೈಯುವಳು, ಪ್ರತಿ ಸಲವೂ ಅದೇ ಆಟ, ಪ್ರತಿ ಸಲವೂ ಅವಳು ಹೆದರಿದಳು, ಪ್ರತಿ ಸಲವೂ ಅವನು ಓಗೊಟ್ಟ.

ಕಟ್ಟೆಯ ಪಕ್ಕ ಬೆಂಚು, ಅಮ್ಮನನ್ನು ಕೂರಿಸಿದೆ, ಕೈ ಹಿಡಿದುಕೊಂಡೆ, ಬೆರಳುಗಳ ತುದಿ ಇನ್ನೂ ಒರಟು, ಅಮ್ಮ ಎಂದೆ, ಏನೇ ಎಂದಳು, ನೀರು ಯಾವಾಗ ಬಿಡ್ತಾರೋ ಕೇಳ್ಕೊಂಡು ಬರ್ಲಾ, ಎಂದೆ, ಥೂ, ಥೂ ನನ್ನ ಬಾಯಿಗೆ. ಬಿಡ್ತಾರೆ ಕೂತ್ಕೋ, ಆಫೀಸಲ್ಲಿ ಗುಂಡಿ ಒತ್ತಿದ್ರೆ ತೂಬು ಏಳುತ್ತಂತೆ ಈಗ, ಆ ಮೈಕಿನ ಹುಡುಗಿ ಹೇಳ್ತು, ಕೂಗೋ ಕೆಲಸವೇ ಇಲ್ಲ, ಎಂದಳು ಅಮ್ಮ. ಫೋನು ನಡುಗಿತು, ತಮ್ಮನ ಹೆಂಡತಿಯ ಮೆಸೇಜು, ಹೇಳಿದ್ರಾ ಅತ್ತಿಗೆ, ಅದರ ಕೆಳಗೆ ಇನ್ನೊಂದು, ಅತ್ತೆ ಜೊತೆ ಕೂತು ಒಂದು ಸಲ ಅಳಬೇಕು ಅನ್ನಿಸುತ್ತೆ, ಇಲ್ಲಿ ಯಾರ ಜೊತೆ ಅಳಲಿ. ಓದಿ ಚೀಲಕ್ಕೆ ಹಾಕಿದೆ, ನಾನು ಅಮ್ಮನ ಕಣ್ಣು ಉಳಿಸಲು ಹೋಗಿ ಅವನ ಹೆಂಡತಿಯ ದುಃಖಕ್ಕೂ ಬೀಗ ಹಾಕಿಬಿಟ್ಟೆ, ಒಂದು ತಿಂಗಳು, ದಿನಾ ಸಂಜೆ ಅಮ್ಮ ಚೋಟ ಫೋನ್ ಮಾಡಿದ್ನಾ ಎಂದಾಗಲೆಲ್ಲ ಅವನ ಪರವಾಗಿ ನಾನೇ ಓಗೊಟ್ಟೆ, ಮಾಡಿದ್ದ ಅಮ್ಮ, ನೀನು ಮಲಗಿದ್ದೆ, ಕಣ್ಣು ಹೇಗಿದೆ ಅಂತ ಕೇಳಿದ, ಔಷಧಿ ಮರೀಬೇಡ ಅಂದ, ಒಂದು ದಿನವಂತೂ ಅವನ ನಗೆಚಾಟಿಕೆಯೊಂದನ್ನು ನಾನೇ ಕಟ್ಟಿ ಹೇಳಿದೆ, ಕಣ್ಣು ಚೆನ್ನಾಗಾದ್ರೆ ಅಮ್ಮ ನನ್ನ ಬೋಳುತಲೆ ನೋಡಿಬಿಡ್ತಾಳೆ ಅಂದ ಅಮ್ಮ, ಎಂದೆ, ಎಷ್ಟು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗಬಹುದು, ಡಾಕ್ಟರು ನಗಬೇಡಿ ಎಂದಿರಲಿಲ್ಲ. ಸಾಕು. ಈ ಬೆಂಚಿನಿಂದ ಏಳುವ ಮುಂಚೆ. ಎದುರಿನ ಮರದ ನೆರಳು ಆ ಕಲ್ಲಿಗೆ ಬರುವ ಮುಂಚೆ. ಅಮ್ಮ, ಎಂದೆ ಮತ್ತೆ, ಚೋಟ — ಶ್ ಶ್, ಎಂದಳು, ಬಂತು ಕಣೇ.

ಮೇಲೆ ಎಲ್ಲೋ ಕಬ್ಬಿಣ ಉಜ್ಜಿಕೊಂಡ ಸದ್ದು, ನನಗೆ ಕೇಳಿಸಿತೋ ಇಲ್ಲವೋ, ಅವಳಿಗೆ ಕೇಳಿಸಿದೆ, ಎದ್ದೇಬಿಟ್ಟಳು, ಕೋಲು ಬೆಂಚಿಗೆ ಒರಗಿಸಿ ಕಟ್ಟೆ ಹತ್ತಿದಳು, ಬೀಳ್ತೀಯಮ್ಮ, ಸೊಂಟ ಹಿಡಿದುಕೊಂಡೆ, ಮೇಲಿನ ಮೆಟ್ಟಿಲುಗಳ ತಲೆಯಲ್ಲಿ ಬೆಳ್ಳಗೆ ಒಂದು ಅಂಚು ಕಾಣಿಸಿತು, ನೀರು, ಒಣಗಿದೆಲೆ ಕಸಕಡ್ಡಿ ಮುಂದೆ ತಳ್ಳಿಕೊಂಡು, ಜನ ಫೋನು ಎತ್ತಿ ಹಿಡಿದರು, ಅಮ್ಮ ಕಪ್ಪು ಕನ್ನಡಕ ಕಿತ್ತು ನನ್ನ ಕೈಗೆ ಕೊಟ್ಟಳು, ಎರಡೂ ಕೈ ಬಾಯಿಗೆ ಹಿಡಿದಳು, ಈ ವಯಸ್ಸಿನ ಮೈಯಿಂದ ಅಂಥ ದನಿ ಹೇಗೆ ಬಂತೋ, ನೀರೂ... ಎಂದು ಕೆಳಗೆ ಕೂಗಿದಳು, ನೀರೂ... ಚೋಟಾ..., ಪಕ್ಕದವರು ಬೆಚ್ಚಿದರು, ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಅಮ್ಮ ಅವರ ಕಡೆ ನೋಡಲಿಲ್ಲ, ಅಂಗೈಯನ್ನು ಬಟ್ಟಲು ಮಾಡಿ ಕಿವಿಯ ಹಿಂದೆ ಇಟ್ಟಳು, ಬಾಗಿದಳು, ನಗುತ್ತಿದ್ದಾಳೆ, ಕೆಳಗಿನ ಕೊಳದ ಹತ್ತಿರ ಯಾರೂ ಇಲ್ಲ, ಪೊದೆಯೂ ಇಲ್ಲ, ಅದನ್ನು ಕಿತ್ತು ಹುಲ್ಲು ಹಾಸಿದ್ದಾರೆ. ನೋಡಿದ್ಯಾ, ಇವತ್ತೂ ಸತಾಯಿಸ್ತಿದಾನೆ, ಎಂದಳು ನನಗೆ, ತಮಾಷೆಗೆ, ಫೋನ್ ಹಚ್ಚೇ ಅವನಿಗೆ, ಇಲ್ಲಿಂದ ಕೂಗ್ತೀನಿ, ಅಲ್ಲಿಂದ ಓ ಅನ್ನಲಿ. ನನ್ನ ನಾಲಿಗೆಯ ಮೇಲೆ ಆ ಓ ಬಂದು ಕೂತಿತ್ತು, ತಿಂಗಳಿಡೀ ಅವನ ಬದಲು ಓಗೊಟ್ಟ ಬಾಯಿ ಇದು, ಇನ್ನೊಂದು ಸಲ ಕಷ್ಟವೇನಲ್ಲ, ಓ ಎಂದು ನಗಾಡಿ, ಸಿಗ್ನಲ್ ಇಲ್ಲಮ್ಮ ಎಂದು ಕರೆದುಕೊಂಡು ಹೋಗಬಹುದು, ನಾಳೆ ಹೇಳಬಹುದು, ಬಾಯಿ ಬಿಗಿಹಿಡಿದೆ. ಓಗೊಡಲಿಲ್ಲ. ಫೋನಿಗೆ ಕೈ ಹಾಕಲಿಲ್ಲ. ಅಮ್ಮ ತಿರುಗಿ ನೋಡಿದಳು, ಪೊರೆಯಿಲ್ಲದ ಕಣ್ಣು, ನಾನೇ ಹನಿ ಹನಿಯಾಗಿ ಕಾಪಾಡಿದ ಕಣ್ಣು, ನನ್ನ ಮುಖದ ಮೇಲೆ ನಿಂತಿತು, ಹಣೆಯಿಂದ ಗಲ್ಲದವರೆಗೆ ಓದಿತು, ನಗು ಮೊದಲು ಒಂದು ಕೆನ್ನೆಯಿಂದ ಹೋಯಿತು, ಆಮೇಲೆ ಇನ್ನೊಂದರಿಂದ. ಯಾವಾಗ, ಎಂದಳು. ನಿನ್ನ ಕಣ್ಣಿನ ಆಪರೇಷನ್ ಆಯ್ತಲ್ಲಮ್ಮ, ಅದರ ಮಾರನೇ ದಿನ, ಎದೆನೋವು, ಡಾಕ್ಟರು ನೀನು ಅಳಬಾರದು ಅಂದಿದ್ರು ಅಮ್ಮ, ನಿನ್ನ ಕಣ್ಣು ಹೋಗುತ್ತೆ ಅಂತ, ಅಮ್ಮ, ನಾನು —

ನನ್ನನ್ನ ಬಿಟ್ಟು ಕಳಿಸಿಬಿಟ್ರಾ, ಎಂದಳು. ಅಷ್ಟೇ. ಅಳಲಿಲ್ಲ, ಅಳು ಅಮ್ಮ ಈಗ, ಅಳಬಹುದು ಈಗ, ಅವಳು ನನ್ನ ಕೈ ಸೊಂಟದಿಂದ ಬಿಡಿಸಿ ಮೇಲಕ್ಕೆ ತಿರುಗಿದಳು, ಗುಡ್ಡದ ನೆತ್ತಿಗೆ, ಅಪ್ಪ ನಿಲ್ಲುತ್ತಿದ್ದ ಜಾಗಕ್ಕೆ, ಹಿಡೀ... ಎಂದು ಕೂಗಿದಳು, ಹಿಡೀ... ಕೆಳಗಿಂದ ಓ ಬಂದಿಲ್ಲಾ, ಹಿಡೀ..., ದನಿ ಒಡೆಯಿತು, ಅಲ್ಲಿ ಯಾರಿದ್ದಾರೆ ಹಿಡಿಯಲು, ಆಫೀಸಿನಲ್ಲೊಂದು ಗುಂಡಿ, ಚಪ್ಪಾಳೆ ತಟ್ಟಿದವರು ಫೋನು ಇಳಿಸಿದ್ದಾರೆ, ನೀರು ಬರುತ್ತಲೇ ಇದೆ, ನಮ್ಮ ಪಕ್ಕದ ತೊಟ್ಟಿ ತುಂಬಿತು, ಹಾರಿತು, ಕೆಳಗಿನದಕ್ಕೆ ಬಿತ್ತು, ಅದೂ ತುಂಬಿತು, ಇನ್ನೂ ಕೆಳಗೆ ಹೋಯಿತು, ಅವನು ಕೂರುತ್ತಿದ್ದ ಕೊಳಕ್ಕೆ, ಕಾರಂಜಿ ಎದ್ದಿತು, ಬಿಸಿಲಲ್ಲಿ ಎದ್ದು ನಿಂತಿತು, ಜನ ಆ ಕಡೆ ಹೊರಟರು, ಅಮ್ಮ ಬಾ, ಮನೆಗೆ ಹೋಗೋಣ, ಅವನ ಹೆಂಡತಿ ಕಾಯ್ತಿದಾಳೆ, ಅಮ್ಮ, ನನ್ನನ್ನಾದರೂ ಬೈಯಿ, ಅವಳು ನಿಧಾನವಾಗಿ ಕೊಳದ ಕಡೆಗೆ ತಿರುಗಿದಳು, ಕೈ ಎತ್ತಿದಳು, ಹೊಡೆಯುತ್ತಾಳೇನೋ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು, ಆ ಕೈ ಕಿವಿಯ ಹಿಂದೆ ಹೋಯಿತು, ಬೆರಳು ಕೂಡಿಸಿ, ಬಟ್ಟಲು ಮಾಡಿ, ಪ್ರತಿ ಸಲವೂ ತಡವಾಗಿಯೇ ಓಗೊಡುತ್ತಿದ್ದನಲ್ಲ, ಅದಕ್ಕೇ, ಇನ್ನೊಂದು ಸ್ವಲ್ಪ, ಕಾರಂಜಿಯ ಸದ್ದು, ಅದರಾಚೆ ಏನೂ ಇಲ್ಲ, ಅಮ್ಮ ಕೈ ಇಳಿಸು, ಅಮ್ಮ, ಇಳಿಸುತ್ತಿಲ್ಲ, ಕಿವಿ, ಕಿವಿಯ ಹಿಂದೆ ಅಂಗೈ, ಬಾಗಿದ್ದಾಳೆ, ಅಂಗೈ ಕಿವಿಯ ಹಿಂದೆಯೇ ಇದೆ